ಎರಡೇ ನಿಮಿಷದ ಕಾಲ್ ಅಂತೆ!

ಭಾನುವಾರ ಬೆಳಗ್ಗೆ ಏಳಕ್ಕೇ ಎದ್ದು, ಪಿಜಿಲಿ ಇಡ್ಲಿ ಖಾಲಿ ಆಗೋಕ್ ಮುಂಚೆ ಎರಡು ತಿಂದು, ರೂಮ್‌ಮೇಟ್‌ಗೆ ಕೈಮುಗಿದು ಹೊರಗೆ ಕಳಿಸಿ ಕ್ಯಾಟ್ ಮಾಕ್‌ಗೆ, ಅಂದ್ರೆ ಐಐಎಂ ಎಂಬಿಎ ಎಂಟ್ರೆನ್ಸ್‌ನ ಪ್ರಾಕ್ಟೀಸ್ ಪರೀಕ್ಷೆಗೆ, ಕೂತೆ. ಇಂಗ್ಲಿಷ್ ಸೆಕ್ಷನ್ ವಿಎಆರ್‌ಸಿ ಹೆಂಗೋ ಮುಗೀತು. ಡೇಟಾ, ಲಾಜಿಕ್ ಸೆಕ್ಷನ್ ಡಿಐಎಲ್‌ಆರ್‌ನಲ್ಲಿ ರೌಂಡ್ ಟೇಬಲ್ ಸುತ್ತ ಎಂಟು ಜನನ್ನ ಕೂರಿಸೋ ಪ್ರಶ್ನೆಗಳ ಸೆಟ್ಟು, ಆರು ಜನ ಕೂತಾಗಿತ್ತು ಕಣ್ರೀ, ಇನ್ನಿಬ್ಬರು ಅಷ್ಟೇ, ಅಷ್ಟೊತ್ತಿಗೆ ಮ್ಯಾನೇಜರ್ ಫೋನು. ಎರಡೇ ನಿಮಿಷ, ಕ್ವಿಕ್ ಕಾಲ್, ಜಾಯಿನ್ ಆಗಮ್ಮ ಅಂತ. ಆ ಎರಡು ನಿಮಿಷ ಎಷ್ಟಾಯ್ತು ಗೊತ್ತಾ, ಇಪ್ಪತ್ತಾರು! ಮಾತಾಡಿದ್ದೇನು? ಎಕ್ಸೆಲ್ ಶೀಟಲ್ಲಿ ಒಂದು ಕಾಲಂ ಹೆಸರು ಬದಲಾಯಿಸ್ಬೇಕಾ ಬೇಡ್ವಾ ಅಂತ. ವಾಪಸ್ ಬಂದ್ರೆ ಮುಂದಿನ ಸೆಕ್ಷನ್, ಗಣಿತದ ಕ್ವಾಂಟ್, ತಾನೇ ಓಪನ್ ಆಗಿ ಕೂತಿದೆ. ಒಂದು ಸೆಕ್ಷನ್‌ಗೆ 40 ನಿಮಿಷ, ಮುಗೀತು ಅಂದ್ರೆ ಹಿಂದಕ್ಕೆ ಹೋಗೋ ಹಾಗೇ ಇಲ್ಲ. ಆ ಇಬ್ಬರು ಪಾಪ ಇನ್ನೂ ನಿಂತೇ ಇದಾರೆ.

ಟೈಮ್ ಇಲ್ಲ ಅಂತಲ್ಲ ನನ್ನ ಗೋಳು. ಟೈಮ್ ಇದೆ, ಆದ್ರೆ ಇಲಿ ಕಡಿದಿಟ್ಟ ಹಾಗೆ ಚೂರು ಚೂರು, ಇಲ್ಲಿ ಹತ್ತು ನಿಮಿಷ, ಅಲ್ಲಿ ಹದಿನೈದು. ಬಸ್ಸಲ್ಲಿ ನಿಂತ್ಕೊಂಡೇ ಆರ್‌ಸಿ, ಅಂದ್ರೆ ಓದಿ ಉತ್ತರಿಸೋ ಇಂಗ್ಲಿಷ್ ಪ್ಯಾಸೇಜ್, ಓದ್ತೀನಿ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಒಂದಲ್ಲ, ಎರಡು ಪ್ಯಾಸೇಜ್ ಆರಾಮಾಗಿ ಮುಗಿಯತ್ತೆ. ಆದ್ರೆ ಪರೀಕ್ಷೆ ಇರೋದು ಒಂದೇ ಏಟಿಗೆ ಎರಡು ಗಂಟೆ, ಆ ಎರಡು ಗಂಟೆ ಒಟ್ಟಿಗೆ ನಂಗೆ ಸಿಗೋದು ರಾತ್ರಿ ಹನ್ನೊಂದರ ಮೇಲೇನೇ, ಆಗ ನಿದ್ದೆಗಣ್ಣಲ್ಲಿ ಒತ್ತಿದ್ದಕ್ಕೆಲ್ಲ ಮೈನಸ್ ಒಂದು, ಮೈನಸ್ ಒಂದು.

ಇನ್ನೂ ಹೊಟ್ಟೆ ಉರಿಯೋದು ಏನು ಅಂದ್ರೆ, ಅರೆಕೆರೆಯಿಂದ ಹೊರಟು ಬನ್ನೇರುಘಟ್ಟ ರೋಡಲ್ಲಿ ದಿನಾ ಐಐಎಂ ಗೇಟ್ ಮುಂದೇನೇ ಹೋಗ್ತೀನಿ. ಬಿಳೇಕಹಳ್ಳಿ ಹತ್ರ ಬಸ್ ಅಲ್ಲಾಡಲ್ಲ, ನೋಡ್ತಾ ಇರು ಮಗಳೇ ಅಂತ ಬೇಕಂತಲೇ ನಿಲ್ಲಿಸ್ದಂಗೆ. ಆಫೀಸಲ್ಲಿ ಹೇಳ್ಕೊಂಡ್ರೆ, ‘ನಿಂಗೇನು ಬಿಡು, ವರ್ಕ್ ಎಕ್ಸ್‌ಪೀರಿಯನ್ಸ್‌ಗೆ ಐಐಎಂನೋರು ಪಾಯಿಂಟ್ ಕೊಡ್ತಾರಲ್ಲ’ ಅಂತಾರೆ. ಕೊಡ್ತಾರೆ ಸ್ವಾಮಿ, ಆದ್ರೆ ಮೊದಲು ಕ್ಯಾಟಲ್ಲಿ ಅವರು ಕರೆಯೋವಷ್ಟು ಪರ್ಸೆಂಟೈಲ್ ಬರ್ಬೇಕಲ್ಲ! ಮನೆಯಲ್ಲಿ ಅಮ್ಮಂದು ಇನ್ನೊಂದು ರಾಗ, ‘ಕೆಲಸ ಇದೆಯಲ್ಲೇ, ಇನ್ಯಾಕೆ ಓದು, ಚಿಕ್ಕಮ್ಮನ ಮಗಳ ಸೀಮಂತಕ್ಕೂ ಬರ್ಲಿಲ್ಲ ನೀನು’ ಅಂತ. ಅಮ್ಮನ ಮೇಲೆ ಸಿಟ್ಟಿಲ್ಲ ಬಿಡಿ, ಅವಳಿಗೆ ಮಾಕ್ ಅಂದ್ರೇನು ಅಂತ ಹೆಂಗೆ ಹೇಳೋದು.

ಸಿಟ್ಟು ಇವತ್ತಿಂದು. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೇಲಿ ಒಂದು ಭಾನುವಾರ, ಇದು ಪರೀಕ್ಷೆ ಬರೆಯೋ ಎಲ್ಲರಿಗೂ ಗೊತ್ತು, ನಾನು ಆಗಸ್ಟಲ್ಲೇ ಮ್ಯಾನೇಜರ್‌ಗೆ ಮೇಲ್ ಹಾಕಿದ್ದೆ, ಅವರೂ ‘ನೋಟೆಡ್’ ಅಂತ ರಿಪ್ಲೈ ಮಾಡಿದ್ರು. ಇವತ್ತು ಆನ್‌ಕಾಲ್ ರೋಸ್ಟರ್, ಅಂದ್ರೆ ಯಾವ ದಿನ ಯಾರು ಕರೆದ ತಕ್ಷಣ ಕೆಲಸಕ್ಕೆ ಸಿಗ್ಬೇಕು ಅನ್ನೋ ಪಟ್ಟಿ, ಬಂತು. ಆ ಭಾನುವಾರದ ಎದುರಿಗೆ ನನ್ನ ಹೆಸರು, ಹಸಿರು ಬಣ್ಣ ಬೇರೆ ಹಚ್ಚಿದಾರೆ. ಹೋಗಿ ಕೇಳಿದ್ರೆ, ‘ಪರೀಕ್ಷೆ ಎರಡೇ ಗಂಟೆ ತಾನೇ, ಲ್ಯಾಪ್‌ಟಾಪ್ ಜೊತೆಗೆ ತಗೊಂಡ್ ಹೋಗಿ’ ಅಂತೆ.