ಬಸುರಾಗದ ಬೆಕ್ಕಿಗೆ ಕುಬಸ

ನಮ್ಮ ಬಾಗಲಕೋಟೆ ಕಡೆ ಕುಬಸ ಅಂದರೆ ಎರಡು ಅರ್ಥ. ಒಂದು, ಸೀರೆ ಜೊತೆ ತೊಡುವ ರವಿಕೆ. ಇನ್ನೊಂದು, ಬಸುರಿಗೆ ಮಾಡುವ ಕಾರ್ಯ. ಬೆಂಗಳೂರು ಕಡೆಯವರು ಸೀಮಂತ ಅನ್ನುತ್ತಾರಲ್ಲ, ಅದು. ಹಸಿರು ಸೀರೆ, ಹಸಿರು ಬಳೆ, ಆರತಿ, ಹಾಡು. ಕಳೆದ ತಿಂಗಳು ನಮ್ಮತ್ತಿ ನಮ್ಮ ಬೆಕ್ಕಿಗೆ ಒಂದು ಕುಬಸ ಹೊಲಿದರು. ಅದು ಇನ್ನು ಯಾವತ್ತೂ ಬಸುರಾಗದಂತೆ ಆಪರೇಷನ್ ಆಗಿತ್ತು, ಅದಕ್ಕೆ!

ಬೆಕ್ಕಿನ ಹೆಸರು ಶೇಂಗಿ. ಹುರಿದ ಶೇಂಗಾದ ಸಿಪ್ಪೆ ಬಣ್ಣ ಅಂತ ಮಗಳು ಇಟ್ಟ ಹೆಸರು. ಹೋದ ವರ್ಷದ ಮಳೆಗಾಲದಲ್ಲಿ ತೊಯ್ದು ಮುದ್ದೆಯಾಗಿ ಬಾಗಲಕೋಟೆ ನವನಗರದ ನಮ್ಮ ಮನೆ ಕಟ್ಟೆ ಹತ್ತಿದವಳು ಇಳಿಯಲೇ ಇಲ್ಲ. ವರ್ಷ ತುಂಬುವುದರೊಳಗೆ ಮೂರು ಮರಿ. ಆಮೇಲೆ ಮತ್ತೆ ನಾಲ್ಕು. ಬೆಕ್ಕು ಬಸುರಿ ಇರೋದು ಹೆಚ್ಚುಕಮ್ಮಿ 63ರಿಂದ 65 ದಿನ. ಮರಿಗಳು ಇನ್ನೂ ಮೊಲೆ ಚೀಪುತ್ತಿರುವಾಗಲೇ ಅದು ಮತ್ತೆ ಬೆದೆಗೆ ಬರಬಹುದು. ನಮಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಏಳು ಮರಿ ಆಗಿದ್ದವು. ಎರಡು ಬೇರೆ ಮನೆ ಸೇರಿದವು. ಎರಡು ಗಾಡಿ ಕೆಳಗೆ ಹೋದವು. ಒಂದು ನಾಯಿ ಬಾಯಿಗೆ. ಒಂದಕ್ಕೆ ಏನಾಯಿತೋ ತಿಳಿಯಲಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ತಣ್ಣಗಾಗಿತ್ತು. ಮಗಳು ಅದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಕರಿಬೇವಿನ ಬುಡಕ್ಕೆ ಹೂತಳು. ಉಳಿದದ್ದು ಒಂದು ಗಂಡು. ಶೇಂಗಾ ಇದ್ದ ಮೇಲೆ ಬೆಲ್ಲ ಬೇಡವೇ? ಅದಕ್ಕೆ ಅವನು ಬೆಲ್ಯಾ.

ಆಪರೇಷನ್ ಮಾಡಿಸೋಣ ಅಂದಾಗ ನಾನು ಹೆದರಿದ್ದು ನಮ್ಮತ್ತಿಯವರಿಗೆ. ಹಳೇ ಕಾಲದವರು, ಬೇಡ ಅಂತಾರೆ ಅಂದುಕೊಂಡಿದ್ದೆ. ಅವರು ಸೊಪ್ಪು ಸೋಸುತ್ತ ತಲೆ ಎತ್ತಲೇ ಇಲ್ಲ. "ಮಾಡಿಸಿಬಿಡು ಅತ್ಲಾಗ. ಎಷ್ಟಂತ ಹಡೀತೈತಿ ಅದು?" ಅಷ್ಟೇ. ಬೇಡ ಅಂದವರು ಓದಿದವರು. ಪಕ್ಕದ ಮನೆಯ ರಿಟೈರ್ಡ್ ಸಾಹೇಬರು ಕಂಪೌಂಡಿನ ಆಚೆಯಿಂದ, "ಮೂಕಪ್ರಾಣಿ ತಾಯ್ತನ ಕಸಗೊಳ್ಳೋದು ನಿಸರ್ಗಕ್ಕ ವಿರುದ್ಧ ನೋಡ್ರಿ ಅಕ್ಕಾರ" ಅಂದರು. ಅತ್ತಿ ಅಂದರು, "ಪಾಪ ಅನಸ್ತಿದ್ರ ಎರಡು ಮರಿ ಒಯ್ದು ಸಾಕ್ರಿ ಅಣ್ಣಾರ." ಸಾಹೇಬರಿಗೆ ಒಳಗಿಂದ ಫೋನ್ ಬಂತು.

ಈ ನಿಸರ್ಗದ ಮಾತು ನನಗೆ ಅರ್ಥವೇ ಆಗುವುದಿಲ್ಲ. ಡಾಂಬರು ರಸ್ತೆ ಯಾವ ನಿಸರ್ಗ? ಏಳರಲ್ಲಿ ನಾಲ್ಕು ಸತ್ತಾಗ ಯಾರೂ ನಿಸರ್ಗ ಅನ್ನಲಿಲ್ಲ.

ಎಳ್ಳಮವಾಸ್ಯೆ ಮುಗಿದ ವಾರ ಆಪರೇಷನ್. ಡಾಕ್ಟರು ಮೊದಲೇ ಹೇಳಿದ್ದರು, ರಾತ್ರಿ 10ರ ಮೇಲೆ ಊಟ ಹಾಕಬೇಡಿ, ನೀರು ಮಾತ್ರ ಇಡಿ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಪುಪ್ಪುಸಕ್ಕೆ ಹೋಗಬಹುದು. "ಇವತ್ತು ಅಕೀದೂ ಒಪ್ಪತ್ತು" ಅಂದರು ಅತ್ತಿ. ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟು ಎರಡನ್ನು ಬಾಯಿಗೆ ಬಾಯಿ ಕೂಡಿಸಿ, ಸುತ್ತ ಹಗ್ಗ ಬಿಗಿದು ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳು ಕೂಗಿದ್ದು ಕೇಳಿ ಆಟೋದವನು ಎರಡು ಸಲ ಹಿಂದೆ ತಿರುಗಿ ನೋಡಿದ.

ಹೆಣ್ಣು ಬೆಕ್ಕಿಗೆ ಸಾಮಾನ್ಯವಾಗಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುತ್ತಾರೆ. ನಮ್ಮ ಹೆಂಗಸರಿಗೆ ಮಾಡುವ ಹಾಗೆ ಬರೀ ನಾಳ ಕಟ್ಟುವುದಲ್ಲ. ಅದರಿಂದ ಬೆದೆಯ ಕೂಗಾಟ ನಿಲ್ಲುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯ ಹೋಗುತ್ತದೆ. ಎಳವೆಯಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆ ಬರೋದೂ ಬಹಳ ಕಡಿಮೆ. ಆದರೆ ಹೊಟ್ಟೆ ಕೊಯ್ಯಲೇಬೇಕು. ಗಂಡಿಗೆ ಹೊಟ್ಟೆ ಕೊಯ್ಯುವ ಕೆಲಸ ಇಲ್ಲ, ಕೆಲವೇ ನಿಮಿಷದ ಕೆಲಸ ಅಂತ ಡಾಕ್ಟರು ಹೇಳಿದ್ದನ್ನು ನಾನು ಮನೆಗೆ ಬಂದು ಹೇಳಿದೆ. ಅತ್ತಿ "ಹೂಂ" ಅಂದರು. ಆ ಹೂಂ ಬಹಳ ಉದ್ದ ಇತ್ತು.

ಸಂಜೆ ಮನೆಗೆ ತಂದಾಗ ಅವಳ ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಕಪ್ಪು ಪಾಪೆ ಕಣ್ಣು ತುಂಬಾ ಹರಡಿತ್ತು. ನಾಲಿಗೆಯ ತುದಿ ಹೊರಗೆ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಬೆಕ್ಕಿಗೆ ಕೊಡುವ ಕೆಲವು ಅರಿವಳಿಕೆಯಲ್ಲಿ ಕಣ್ಣು ಮುಚ್ಚುವುದೇ ಇಲ್ಲವಂತೆ, ಒಣಗಬಾರದೆಂದು ಮುಲಾಮು ಹಚ್ಚುತ್ತಾರೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಮ್ಮ ಮನೆಯಲ್ಲಿ ಅರ್ಧ ಅಳು ಉಳಿಯುತ್ತಿತ್ತು.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಪಾಪ ಅನ್ನಿಸಿ ಅವಳನ್ನು ನನ್ನ ಮಂಚದ ಮೇಲೆ, ನನ್ನ ಮಗ್ಗುಲಿಗೇ ಮಲಗಿಸಿಕೊಂಡೆ. ತಲೆ ಸವರಿದೆ. ಹೆಸರು ಹಿಡಿದು ಕರೆದೆ. ಮತ್ತೆ ಮತ್ತೆ ಹೊಟ್ಟೆ ನೋಡಿದೆ. ಅರೆ ಎಚ್ಚರವಾಗುತ್ತಿದ್ದ ಹಾಗೆ ಅವಳು ಎದ್ದಳು, ಹಿಂದಿನ ಕಾಲು ಎರಡೂ ಅವಳ ಮಾತು ಕೇಳಲಿಲ್ಲ. ಧಪ್ ಅಂತ ನೆಲಕ್ಕೆ ಬಿದ್ದಳು. ಹೊಲಿಗೆ ಬಿಚ್ಚಲಿಲ್ಲ, ನನ್ನ ಪುಣ್ಯ. ಬಿದ್ದವಳು ನನ್ನ ಕಡೆ ಬರಲಿಲ್ಲ. ತೆವಳುತ್ತ ಅತ್ತಿಯ ಕೋಣೆಗೆ ಹೋದಳು. ಅವರ ಮಂಚದ ಕೆಳಗೆ, ಜೋಳದ ಡಬ್ಬಿಯ ಹಿಂದೆ. ಎರಡು ಸಲವೂ ಅವಳು ಹಡೆದದ್ದು ಅಲ್ಲೇ.

ನಾನು ಎಳೆಯೋಕೆ ಹೋದೆ. ಅತ್ತಿ ಕೈ ಹಿಡಿದರು. "ಬಿಡು. ಅಕಿ ಜಾಗಾ ಅಕಿಗೆ ಗೊತ್ತೈತಿ."

ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದು ಹಳೇ ಬಾಗಲಕೋಟೆಯಿಂದ ಇಲ್ಲಿಗೆ ಮನೆ ಎತ್ತಿದಾಗ, ಅವರ ಹಳೇ ಬೆಕ್ಕು ಮೂರು ಸಲ ತಪ್ಪಿಸಿಕೊಂಡು ವಾಪಸ್ ಹೋಗಿತ್ತಂತೆ. ಬೆಕ್ಕು ಮಂದಿಗಿಂತ ಮನೆಯನ್ನು ಜಾಸ್ತಿ ನಂಬುತ್ತದೆ ಅಂತ ಅವರಿಗೆ ಆಗಲೇ ಗೊತ್ತಿತ್ತು. ಹಳೇ ಇಳಕಲ್ ಸೀರೆಯೊಂದನ್ನು ತೆಗೆದರು. ಒಡಲು ಹತ್ತಿಯದು, ಒಗೆದು ಒಗೆದು ಬೆಣ್ಣೆಯ ಹಾಗಾಗಿತ್ತು. ನಾಲ್ಕು ಮಡಿಕೆ ಮಾಡಿ ಆ ಮೂಲೆಗೆ ಸರಿಸಿದರು. ಡಿಸೆಂಬರಿನ ಚಳಿ ಬೇರೆ. ಅರಿವಳಿಕೆ ಇಳಿಯುವಾಗ ಬೆಕ್ಕಿನ ಮೈ ತಣ್ಣಗಾಗುತ್ತದೆ, ಬಿಸಿ ಇರಬೇಕು. ಬಾಟಲಿಗೆ ಬಿಸಿನೀರು ತುಂಬಿ, ಟವೆಲಿನಲ್ಲಿ ಸುತ್ತಿ ಬೆನ್ನಿನ ಹತ್ತಿರ ಇಟ್ಟೆವು. ಬರಿ ಬಾಟಲಿ ಇಡಬಾರದು, ಅರೆ ಪ್ರಜ್ಞೆಯಲ್ಲಿ ಸುಟ್ಟರೂ ಅದಕ್ಕೆ ತಿಳಿಯುವುದಿಲ್ಲ. ಲೈಟ್ ಆರಿಸಿದರು. ಬಾಗಿಲು ಅರ್ಧ ಮುಂದೆ ಮಾಡಿದರು. ಗೋಡೆಗೆ ಒರಗಿ, ಬೆಕ್ಕಿನ ಕಡೆ ನೋಡದೆ, ಹೂಬತ್ತಿ ಹೊಸೆಯುತ್ತ ಕೂತರು. ಅಷ್ಟೇ. ಮುಟ್ಟಲಿಲ್ಲ, ಮಾತಾಡಿಸಲಿಲ್ಲ.

ಮರುದಿನದಿಂದ ಮಂದಿ ಬರೋಕೆ ಶುರು. ನಮ್ಮ ಓಣಿಯಲ್ಲಿ ದವಾಖಾನೆಯಿಂದ ಯಾರಾದರೂ ಬಂದರೆ ನೋಡೋಕೆ ಹೋಗಲೇಬೇಕು, ಬಿಸ್ಕೆಟ್ ಪುಡಿಕೆ ಹಿಡಿದುಕೊಂಡು. ಬೆಕ್ಕಿಗೂ ಬಂದರು. ನಗುತ್ತಲೇ ಬಂದರು, ಆದರೆ ಬಂದರು. ಒಬ್ಬೊಬ್ಬರೂ ಬಗ್ಗಿ ಮಂಚದ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟರು. ಒಬ್ಬರು ಹಾಲು ಕುಡಿಸಿ ಅಂದರು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಒಬ್ಬರು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಅಂದರು. ಹೊಲಿಗೆಗೆ ಡಾಕ್ಟರು ಕೊಟ್ಟದ್ದು ಬಿಟ್ಟು ಏನೂ ಸೋಂಕಬಾರದು. ಹಚ್ಚಿದರೆ ಅದನ್ನು ನೆಕ್ಕೋದೇ ಒಂದು ಕೆಲಸ ಆಗುತ್ತದೆ. ಇನ್ನೊಬ್ಬರು ಪರ್ಸಿನಿಂದ ಗುಳಿಗೆಯನ್ನೇ ತೆಗೆದರು. "ನೋವಿಗೆ ಅರ್ಧ ಕೊಡ್ರಿ, ಸಣ್ಣ ಜೀವ."

ಇದೊಂದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ನಾವು ಜ್ವರಕ್ಕೆ, ಮೈಕೈ ನೋವಿಗೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರುವ ತಾಕತ್ತೇ ಹೋಗುತ್ತದೆ, ಒಸಡು ನೀಲಿಗಟ್ಟುತ್ತದೆ. ಒಂದು ಗುಳಿಗೆ ಸಾಕು ಸಾಯೋಕೆ. ಬೆಕ್ಕಿಗೆ ಅಂತಲೇ ಬೇರೆ ನೋವಿನ ಔಷಧ ಇದೆ, ತೂಕ ನೋಡಿ ಡಾಕ್ಟರು ಹನಿ ಲೆಕ್ಕದಲ್ಲಿ ಕೊಡುತ್ತಾರೆ. ಹಾಗೇ ಅವಳು ಮಲಗುವ ಕಡೆ ಫಿನಾಯಿಲ್ ಹಾಕಿ ಒರೆಸೋದೂ ಬೇಡ. ಅದೂ ಪಂಜದಿಂದ ನಾಲಿಗೆಗೆ ಹೋಗುತ್ತದೆ.

ಇನ್ನು ಬೆಲ್ಯಾ. ಅವ್ವನನ್ನು ನೋಡಿದ ಕೂಡಲೇ ಬೆನ್ನು ಕಮಾನು ಮಾಡಿ "ಹಿಸ್" ಅಂದ. ಮೂರೂವರೆ ತಿಂಗಳ ಪೋರ, ನಿನ್ನೆಯವರೆಗೂ ಅವಳ ಬಾಲ ಕಚ್ಚಿ ಆಡುತ್ತಿದ್ದವನು! ಮಗಳಿಗೆ ಅದಂತೂ ಸಹಿಸಲೇ ಆಗಲಿಲ್ಲ. ಬೆಕ್ಕಿಗೆ ಗುರುತು ಅಂದರೆ ವಾಸನೆ. ಅವ್ವ ಮನೆ ವಾಸನೆ ಬಿಟ್ಟು ದವಾಖಾನೆ ಸ್ಪಿರಿಟ್ ವಾಸನೆ ಹೊತ್ತು ಬಂದರೆ ಅವನ ಲೆಕ್ಕದಲ್ಲಿ ಅವಳು ಯಾರೋ ಹೊರಗಿನವಳು. ಇಬ್ಬರನ್ನೂ ಬೇರೆ ಬೇರೆ ಇಟ್ಟೆವು. ಒಂದೇ ಟವೆಲಿನಲ್ಲಿ ಅವನ ಕೆನ್ನೆ ಒರೆಸಿ, ಅದನ್ನೇ ಅವಳ ಹತ್ತಿರ ಹಾಸಿದೆವು. ಮೂರನೇ ದಿನ ಬಂದು ಮೂತಿ ಮೂಸಿದ.

ಎರಡನೇ ದಿನ ಶೇಂಗಿ ಗುರುಗುರು ಅಂದಳು. ನಾವು ಖುಷಿಪಟ್ಟೆವು. ಡಾಕ್ಟರಿಗೆ ಫೋನ್ ಮಾಡಿದರೆ ಅವರು, "ಬೆಕ್ಕು ನೋವಾದಾಗಲೂ ಗುರುಗುರು ಅನ್ನುತ್ತೆ, ಮುಖ ನೋಡ್ರಿ" ಅಂದರು. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವು ಅಳೆಯುವ ವಿಧಾನ ಪ್ರಕಟಿಸಿದ್ದಾರೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಎಷ್ಟು ಎತ್ತಿದೆ ಅನ್ನೋದು, ಈ ಐದು. ಕಿವಿ ಬದಿಗೆ ವಾಲಿ, ಕಣ್ಣು ಕಿರಿದಾಗಿ, ಮೂತಿ ಬಿಗಿದು, ಮೀಸೆ ನೆಟ್ಟಗಾಗಿ, ತಲೆ ಭುಜಕ್ಕಿಂತ ಕೆಳಗಿದ್ದರೆ ನೋವಿದೆ. ನಾನು ಮಂಚದ ಕೆಳಗೆ ಬಗ್ಗಿ ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದೆ. ಅತ್ತಿ ಕೂತಲ್ಲಿಂದಲೇ ಅಂದರು, "ಕಿವಿ ನಿಂತಾವು. ಇವತ್ತ ಆರಾಮ ಅದಾಳ."

ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ ಕಾಲರ್ ಮಾತ್ರ ನಮಗೂ ಅವಳಿಗೂ ಆಗಿಬರಲಿಲ್ಲ. ಹೊಲಿಗೆ ನೆಕ್ಕಬಾರದು ಅಂತ ಹಾಕೋದು, ತೆಗೆಯುವ ಹಾಗಿಲ್ಲ. ಆದರೆ ಅವಳು ಬಾಗಿಲಿಗೆ ಬಡಿದುಕೊಂಡಳು, ನೀರಿನ ಬಟ್ಟಲು ಉರುಳಿಸಿದಳು, ಅದರಿಂದ ತಪ್ಪಿಸಿಕೊಳ್ಳೋಕೆ ಹಿಂದೆ ಹಿಂದೆ ನಡೆದು ಗೋಡೆಗೆ ತಾಗಿ ನಿಂತಳು. ಅದನ್ನು ನೋಡಿ ಅತ್ತಿ ನಮ್ಮನೆಯವರ ಹಳೇ ಬನಿಯನ್ ಕತ್ತರಿಸಿದರು. ನಾಲ್ಕು ಕಾಲಿಗೆ ನಾಲ್ಕು ತೂತು, ಬೆನ್ನ ಮೇಲೆ ಕಟ್ಟೋಕೆ ಲಾಡಿ, ಬಾಲದ ಕಡೆ ಬಯಲು. "ಗುಳೇದಗುಡ್ಡದ ಖಣದಾಗ ಹೊಲಿತಿದ್ದೆ, ಬಿರುಸು ಆಕ್ಕೈತಿ" ಅಂತ ತಮಾಷೆ ಬೇರೆ. ತೊಡಿಸಿದ ಕೂಡಲೇ ಶೇಂಗಿ ಪಕ್ಕಕ್ಕೆ ವಾಲಿ ಬಿದ್ದು, ಸತ್ತವಳ ಹಾಗೆ ಮಲಗಿಬಿಟ್ಟಳು. ಬಟ್ಟೆ ತೊಡಿಸಿದರೆ ಸುಮಾರು ಬೆಕ್ಕುಗಳು ಹೀಗೇ ಮಾಡುತ್ತವಂತೆ. ಅರ್ಧ ಗಂಟೆಯಲ್ಲಿ ಎದ್ದು ಓಡಾಡಿದಳು. ದಿನಕ್ಕೆ ಎರಡು ಸಲ ಲಾಡಿ ಬಿಚ್ಚಿ ಹೊಲಿಗೆ ನೋಡುತ್ತಿದ್ದೆವು. ಕೆಂಪೇರಿದೆಯಾ, ಊದಿದೆಯಾ, ಏನಾದರೂ ಒಸರುತ್ತಿದೆಯಾ ಅಂತ. ಮರಳಿನ ಪುಟ್ಟಿ ತೆಗೆದು ಹರಿದ ಪೇಪರ್ ಹಾಕಿದ್ದೆವು, ಗಾಯಕ್ಕೆ ಧೂಳು ಅಂಟಬಾರದಲ್ಲ.

ಕುಬಸ ಹೊಲಿಯುವಾಗಲೇ ಅತ್ತಿ ಆ ಮಾತು ಹೇಳಿದ್ದು. ನಾನು ಕೇಳಿರಲಿಲ್ಲ, ಅವರೇ ಸೂಜಿಗೆ ದಾರ ಪೋಣಿಸುತ್ತ ಶುರು ಮಾಡಿದರು.

"ನಾಕನೇದು ನಿನ್ನ ಗಂಡ. ಅದಾದ ಮ್ಯಾಲ ಕ್ಯಾಂಪಿನ್ಯಾಗ ಆಪರೇಷನ್ ಮಾಡಿಸ್ಕೊಂಡ್ನಿ. ಸಾಲಾಗಿ ಮಲಗಿಸಿದ್ರು. ಎಂಟು ದಿನಕ್ಕ ಹೊಲಿಗಿ ಬಿಚ್ಚಿದ್ರು. ಒಂಬತ್ತನೇ ದಿನ ಒಲಿ ಮುಂದ ಕುಂತು ರೊಟ್ಟಿ ಬಡದೀನಿ."

"ಯಾರೂ ನೋಡ್ಕೊಳ್ಳಲಿಲ್ಲೇನ್ರಿ ಅತ್ತಿ?"

"ನೋಡಾಕ ಎಲ್ಲಾರೂ ಬಂದಿದ್ರು. ಬಂದವರಿಗೆಲ್ಲಾ ಚಾ ಮಾಡಿದಾಕಿ ನಾನ."

ಹೀಗಂದು ಲಾಡಿ ಜಗ್ಗಿ ನೋಡಿದರು, ಗಟ್ಟಿ ಇದೆಯಾ ಅಂತ. ಸಿಟ್ಟಿನಿಂದ ಹೇಳಲಿಲ್ಲ. ಅಳುತ್ತಲೂ ಹೇಳಲಿಲ್ಲ. ಜೋಳದ ರೇಟ್ ಹೇಳುವ ಹಾಗೆ ಹೇಳಿದರು.

ಅವತ್ತಿನಿಂದ ನನಗೆ ಅನ್ನಿಸಿದ್ದು ಇಷ್ಟು. ನಮ್ಮಲ್ಲಿ ನೋಡೋಕೆ ಬರೋದು ಜಾಸ್ತಿ, ನೋಡಿಕೊಳ್ಳೋದು ಕಮ್ಮಿ. ನಾನೂ ಮೊದಲ ರಾತ್ರಿ ಮಂಚದ ಮೇಲೆ ಮಾಡಿದ್ದು ನೋಡೋಕೆ ಬಂದವರ ಕೆಲಸವೇ. ಸವರಿದ್ದು, ಕರೆದಿದ್ದು, ಎತ್ತಿ ಎತ್ತಿ ನೋಡಿದ್ದು ನನ್ನ ಹೆದರಿಕೆ ಕಳೆಯೋಕೆ. ಅವಳಿಗೆ ಬೇಕಾಗಿದ್ದು ಕತ್ತಲೆ, ಬೆಚ್ಚಗಿನ ಮೂಲೆ, ಮತ್ತು ಏನೂ ಕೇಳದೆ ಹತ್ತಿರ ಕೂರುವ ಒಬ್ಬರು. ನಲವತ್ತು ವರ್ಷದ ಹಿಂದೆ ತನಗೆ ಸಿಗದೇ ಇದ್ದದ್ದನ್ನು ಅತ್ತಿ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಅದನ್ನೇ ತಂದು ಬೆಕ್ಕಿಗೆ ಕೊಟ್ಟರು. ಮೂರನೇ ದಿನದಿಂದ ಮನೆಗೆ ಬಂದವರನ್ನು ನಾನು ಪಡಸಾಲೆಯಲ್ಲೇ ಕೂರಿಸಿದೆ. ಕೋಣೆಗೆ ಬಿಡಲಿಲ್ಲ. ಒಬ್ಬಿಬ್ಬರು ಮುನಿಸಿಕೊಂಡಿದ್ದಾರೆ. ಇರಲಿ.

ಊಟದ ವಿಷಯ ಒಂದು ಹೇಳಬೇಕು. ಆಪರೇಷನ್ ಆದ ರಾತ್ರಿ ಅವಳು ಒಂದು ಚಮಚ ಸಪ್ಪನೆ ಕೋಳಿ ರಸ ನೆಕ್ಕಿದ್ದಷ್ಟೇ. ಮರುದಿನ ಮಧ್ಯಾಹ್ನ ಸರಿಯಾಗಿ ತಿಂದಳು. ಪೂರ್ತಿ ಒಂದು ದಿನ ಕಳೆದರೂ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಹೇಳಬೇಕು. ಬೆಕ್ಕು ನಾಲ್ಕಾರು ದಿನ ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ತುಂಬಿ ಅದೇ ಬೇರೆ ಕಾಯಿಲೆ ಆಗುತ್ತದೆ. ಈಗ ನಮ್ಮ ಮನೆಯಲ್ಲಿ ಉಲ್ಟಾ. ಆಪರೇಷನ್ ಆದ ಬೆಕ್ಕಿಗೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ, ಆದರೆ ಹಸಿವು ಜಾಸ್ತಿ. ಶೇಂಗಿ ಗುಂಡಗಾಗುತ್ತಿದ್ದಾಳೆ. ಅಳತೆ ಮಾಡಿ ಹಾಕಿ ಅಂತ ನಾನು ಹೇಳೋದು, ನಾನು ಶಾಲೆಗೆ ಹೋದ ಮೇಲೆ ಅತ್ತಿ ಏನು ಹಾಕುತ್ತಾರೋ ದೇವರಿಗೇ ಗೊತ್ತು.

ಹನ್ನೊಂದನೇ ದಿನ ಹೊಲಿಗೆ ಬಿಚ್ಚಿದರು. ಕುಬಸ ಒಗೆದು ತಂತಿಗೆ ಹಾಕಿದೆ.

ಇನ್ನು ಬೆಲ್ಯಾನ ಸರದಿ. ಐದು ತಿಂಗಳಾಗುತ್ತ ಬಂತು, ಬೆಕ್ಕುಗಳಲ್ಲಿ ಗಂಡು ಇಷ್ಟರಲ್ಲೇ ಪ್ರಾಯಕ್ಕೆ ಬಂದುಬಿಡುತ್ತದೆ. ಓಣಿಯ ಹೆಣ್ಣುಬೆಕ್ಕುಗಳೂ ಯಾರದೋ ಮನೆ ಜೋಳದ ಡಬ್ಬಿ ಹಿಂದೆ ಹಡೆಯಬೇಕಲ್ಲ. ಮೊನ್ನೆ ಊಟಕ್ಕೆ ಕೂತಾಗ ಈ ವಿಷಯ ತೆಗೆದೆ. ಶೇಂಗಿಗೆ ಮಾಡಿಸುವಾಗ ಒಂದು ಮಾತೂ ಆಡದೇ ಇದ್ದ ನಮ್ಮನೆಯವರು ತುತ್ತು ಅಲ್ಲೇ ನಿಲ್ಲಿಸಿದರು.

"ಅವಂಗ್ಯಾಕ? ಅವಂಗ ಬ್ಯಾಡ. ಸಣ್ಣಾವ ಅದಾನ. ನೋವಾಕ್ಕೈತಿ."

ಅತ್ತಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

"ನಿಮ್ಮಪ್ಪನೂ ಹಿಂಗ ಅಂದಿದ್ರು."

ಮುಂದಿನ ಬುಧವಾರಕ್ಕೆ ಡಾಕ್ಟರಿಗೆ ಹೇಳಿ ಬಂದಿದ್ದೇನೆ. ಕ್ರೇಟಿಗೆ ಹಗ್ಗ ಇವರೇ ಕಟ್ಟಬೇಕು.