ಸಾನ್ ಪೆದ್ರೊ ದುಡಿಯುತ್ತದೆ, ಹಳ್ಳಿ ಗೆಲ್ಲುತ್ತದೆ

ಮಧ್ಯ ಅಮೆರಿಕದ ಹೊಂಡುರಾಸ್‌ ದೇಶದಲ್ಲಿ ಒಂದು ಹಳೇ ಮಾತಿದೆ. ತೆಗುಸಿಗಾಲ್ಪ ಯೋಚನೆ ಮಾಡುತ್ತದೆ, ಸಾನ್ ಪೆದ್ರೊ ಸೂಲ ದುಡಿಯುತ್ತದೆ, ಲಾ ಸೇಯ್ಬ ಮಜಾ ಮಾಡುತ್ತದೆ. ಮೊದಲನೆಯದು ರಾಜಧಾನಿ. ಸಚಿವಾಲಯಗಳಿರುವ ಊರು, ಯೋಚನೆ ಬಿಟ್ಟು ಇನ್ನೇನು ಮಾಡೀತು? ಎರಡನೆಯದರ ಸುತ್ತಮುತ್ತ ವಿದೇಶಕ್ಕೆ ಅಂಗಿ, ಬನಿಯನ್ ಹೊಲಿದು ಕಳಿಸುವ ‘ಮಕೀಲ’ ಕಾರ್ಖಾನೆಗಳಿವೆ. ಮೂರನೆಯದು ಕೆರಿಬಿಯನ್ ದಡದಲ್ಲಿದೆ. ಮೇ ತಿಂಗಳ ಕಾರ್ನಿವಲ್ ಅಲ್ಲಿನ ದೊಡ್ಡ ಹಬ್ಬ.

ಹಾಗಾದರೆ ಯಾವ ಊರಲ್ಲಿ ನಿರುದ್ಯೋಗ ಕಡಿಮೆ ಅಂತ ಮಗುವೂ ಹೇಳೀತು. ದುಡಿಯುವ ಊರಿಗೆ ಚಿನ್ನ, ಯೋಚಿಸುವ ಊರಿಗೆ ಬೆಳ್ಳಿ, ಮಜಾ ಮಾಡುವ ಊರು ಬೆಂಚಿನ ಮೇಲೆ. ನಾನೂ ಹಾಗೇ ಅಂದುಕೊಂಡು ಅಲ್ಲಿನ ಸರ್ಕಾರಿ ಸಮೀಕ್ಷೆಯ ಕೋಷ್ಟಕ ನೋಡಿದೆ. ಲಾ ಸೇಯ್ಬ ಅದರಲ್ಲಿ ಇಲ್ಲವೇ ಇಲ್ಲ! ಇರುವುದು ನಾಲ್ಕೇ ಸಾಲು. ರಾಜಧಾನಿ, ಸಾನ್ ಪೆದ್ರೊ ಸೂಲ, ‘ಉಳಿದ ನಗರ ಪ್ರದೇಶ’, ಆಮೇಲೆ ಹಳ್ಳಿ. ಲಾ ಸೇಯ್ಬ, ಚೊಲೋಮ, ಚೊಲುತೇಕ ಎಲ್ಲವೂ ‘ಉಳಿದ’ ಚೀಲದ ಆಲೂಗಡ್ಡೆ. ಎಲ್ ಪ್ರೊಗ್ರೆಸೊ ಅಂತ ಇನ್ನೊಂದು ಪಟ್ಟಣವಿದೆ. ಹೆಸರಿನ ಅರ್ಥ ‘ಪ್ರಗತಿ’. ಅದೂ ಅದೇ ಚೀಲದಲ್ಲಿ.

ಸರಿ, ಇರುವ ನಾಲ್ಕರಲ್ಲಿ ಗೆದ್ದವರು ಯಾರು? ಸಾಮಾನ್ಯವಾಗಿ ಹಳ್ಳಿಗಳೇ. ಬಡತನದಲ್ಲೂ ಮೊದಲು, ಉದ್ಯೋಗದಲ್ಲೂ ಮೊದಲು. ಗುಡ್ಡದ ಇಳಿಜಾರಿನಲ್ಲಿ ಮುಸುಕಿನ ಜೋಳ, ಬೀನ್ಸ್ ಬೆಳೆದುಕೊಂಡು, ಕಾಫಿ ಕೊಯ್ಲಿನ ದಿನಗಳಲ್ಲಿ ಕೂಲಿಗೆ ಹೋಗುವ ಜನ ದೇಶಕ್ಕೇ ಮಾದರಿ! ರಾಜಧಾನಿಯ ಪದವೀಧರರು ಅವರನ್ನು ನೋಡಿ ಕಲಿಯಬೇಕು.

ಗುಟ್ಟು ಇಷ್ಟೇ. ನಿರುದ್ಯೋಗಿ ಆಗಲು ತಾಕತ್ತು ಬೇಕು. ಕೈಯಲ್ಲಿ ಕೆಲಸ ಇರಬಾರದು, ಕೆಲಸ ಹುಡುಕುತ್ತಿರಬೇಕು, ಕರೆದರೆ ಹೊರಡಲು ಸಿದ್ಧ ಇರಬೇಕು. ಮೂರೂ ಇದ್ದರೆ ಮಾತ್ರ ಆ ಪದವಿ. ಹುಡುಕುತ್ತಾ ಇರಬೇಕಾದರೆ ಅಷ್ಟು ದಿನ ಊಟ ಹಾಕುವವರು ಯಾರಾದರೂ ಬೇಕಲ್ವಾ? ಭತ್ಯೆ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಕೆಲಸ ಕಳೆದುಕೊಂಡವಳು ಮರುದಿನವೇ ಬೀದಿ ಬದಿಯಲ್ಲಿ ಒಲೆ ಹಚ್ಚುತ್ತಾಳೆ. ಗೋಧಿ ರೊಟ್ಟಿ ಬೇಯಿಸಿ, ಬೀನ್ಸ್ ಸವರಿ, ಮಡಚಿ, ‘ಬಲೆಯಾದ’ ಅಂತ ಮಾರುತ್ತಾಳೆ. ವಾರದಲ್ಲಿ ಒಂದೇ ಒಂದು ಗಂಟೆ ಮಾರಿದರೂ ಸಾಕು, ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅವಳು ಉದ್ಯೋಗಸ್ಥೆ. (ನಾವು ನಗುವ ಹಾಗಿಲ್ಲ. ನಮ್ಮ ದೇಶದ ಸಮೀಕ್ಷೆಯಲ್ಲೂ ವಾರದ ಲೆಕ್ಕಕ್ಕೆ ಇದೇ 1 ಗಂಟೆ.) ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದರೂ ಉದ್ಯೋಗವೇ. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಅನ್ನುತ್ತೇವೆ. ಆ ಮಗ ಅಪ್ಪನ ಉಳಿ ಮಸೆದು ಕೊಟ್ಟಿದ್ದರೆ ಅವನೂ ಉದ್ಯೋಗಸ್ಥನೇ ಆಗುತ್ತಿದ್ದನೋ ಏನೋ.

ಹಾಗಂತ ಹೊಂಡುರಾಸ್‌ನ ಅಂಕಿಅಂಶದವರು ಕಲ್ಲೆದೆಯವರಲ್ಲ. ಅರೆಬರೆ ಕೆಲಸದವರಿಗೆ ಬೇರೆ ಖಾನೆ ಇಟ್ಟಿದ್ದರು. ವಾರಕ್ಕೆ 36 ಗಂಟೆಗಿಂತ ಕಡಿಮೆ ದುಡಿದು ಇನ್ನೂ ಕೆಲಸ ಬೇಕು ಅನ್ನುವವರು ‘ಕಾಣುವ’ ಅರೆ ಉದ್ಯೋಗಿಗಳು. 36 ಗಂಟೆಗಿಂತ ಜಾಸ್ತಿ ದುಡಿದೂ ಕನಿಷ್ಠ ವೇತನ ಮುಟ್ಟದವರು ‘ಕಾಣದ’ ಅರೆ ಉದ್ಯೋಗಿಗಳು. ನಾನು ಕಟ್ಟಿದ ಹೆಸರಲ್ಲ ಇದು, ಸರ್ಕಾರಿ ಕಾಗದದಲ್ಲೇ ಹಾಗಿತ್ತು. ದಿನವಿಡೀ ಬೆವರು ಸುರಿಸುವವರು ಕಾಣುವುದಿಲ್ಲವಂತೆ! ಕೈಯೇನೋ ಕೆಸರಾಗಿದೆ. ಮೊಸರು ಮಾತ್ರ ಅದೃಶ್ಯ.

ಇಷ್ಟಾದ ಮೇಲೆ ಗಂಟೆಯನ್ನೇ ಕಾನೂನು ಮಾಡಿಬಿಟ್ಟರು. 2010ರಲ್ಲಿ ಗಂಟೆ ಲೆಕ್ಕದ ಉದ್ಯೋಗದ ಯೋಜನೆ ಬಂತು, 2014ರಲ್ಲಿ ಅದೇ ಖಾಯಂ ಕಾನೂನಾಯಿತು. ಕಾಯಂ ನೌಕರಿ ಒಂದೇ ಒಂದು ಇದ್ದರೆ ಪಟ್ಟಿಯಲ್ಲಿ ಒಬ್ಬ. ಅದನ್ನೇ ಗಂಟೆ ಗಂಟೆಯಾಗಿ ಹೆಚ್ಚಿ ಹಂಚಿದರೆ ನಾಲ್ಕು ಮಂದಿ. ಒಂದು ಬಾಳೆಹಣ್ಣಿನಲ್ಲಿ ಊರಿಗೆಲ್ಲ ರಸಾಯನ. ಬಾಳೆಹಣ್ಣಿನ ರಫ್ತಿಗೆ ಹೆಸರಾದ ದೇಶಕ್ಕೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಬೊಬ್ಬೆ ಹೊಡೆದವು. 2022ರಲ್ಲಿ ಹೊಸ ಸರ್ಕಾರ ಕಾನೂನು ರದ್ದು ಮಾಡಿತು. ತಕ್ಷಣ ಉದ್ಯಮಿಗಳು ಕೂಗಿದರು: ಅಯ್ಯೋ, ಉದ್ಯೋಗ ಹೋಗುತ್ತದೆ!

2020ರ ನವೆಂಬರ್‌ನಲ್ಲಿ ಏಟ, ಅಯೋಟ ಎಂಬ ಎರಡು ಚಂಡಮಾರುತಗಳು ಎರಡೇ ವಾರದಲ್ಲಿ ಒಂದರ ಹಿಂದೊಂದು ಬಂದವು. ಸೂಲ ಕಣಿವೆ ಮುಳುಗಿತು, ಸಾನ್ ಪೆದ್ರೊದ ವಿಮಾನ ನಿಲ್ದಾಣವೂ ಮುಳುಗಿತು. ಮನೆಯೊಳಗಿನ ಕೆಸರು ಎತ್ತಿ ಹಾಕುತ್ತಿದ್ದವನಿಗೆ ಅರ್ಜಿ ಹಿಡಿದು ಅಲೆಯಲು ಪುರುಸೊತ್ತೆಲ್ಲಿ? ಹುಡುಕದಿದ್ದರೆ ನಿಯಮದ ಪ್ರಕಾರ ಅವನು ನಿರುದ್ಯೋಗಿಯೂ ಅಲ್ಲ. ಪ್ರವಾಹಕ್ಕೆ ಕೆಲಸವೂ ಹೋಯಿತು, ನಿರುದ್ಯೋಗವೂ ಹೋಯಿತು.

ಆದರೆ ಅಂಕಿ ಇಳಿಸುವ ಪಕ್ಕಾ ಉಪಾಯ ಇನ್ನೊಂದಿದೆ. ಅದಕ್ಕೆ ಸಚಿವಾಲಯವೂ ಬೇಡ, ಕಾನೂನೂ ಬೇಡ. ಒಂದು ಬಸ್ ನಿಲ್ದಾಣ ಸಾಕು. 2018ರ ಅಕ್ಟೋಬರ್‌ನಲ್ಲಿ ಸಾನ್ ಪೆದ್ರೊ ಸೂಲದ ಬಸ್ ನಿಲ್ದಾಣದಲ್ಲಿ ಜನ ಗುಂಪುಗೂಡಿ ಉತ್ತರಕ್ಕೆ ಹೊರಟರು. ಮೊದಲು ನೂರಾರು, ದಾರಿಯಲ್ಲಿ ಸೇರಿ ಸೇರಿ ಸಾವಿರಾರು. ಗ್ವಾಟೆಮಾಲ ದಾಟಿ, ಮೆಕ್ಸಿಕೊ ದಾಟಿ ಅಮೆರಿಕದ ಬಾಗಿಲಿಗೆ. ಹೊರಟವರಲ್ಲಿ ಕೆಲಸವಿಲ್ಲದವರು ಎಷ್ಟೋ, ಅಷ್ಟೂ ಜನ ಊರಿನ ಪಟ್ಟಿಯಿಂದ ಸದ್ದಿಲ್ಲದೆ ಇಳಿದುಹೋದರು. ಈಗ ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಹೊಂಡುರಾಸ್‌ನ ಜಿಡಿಪಿಯ ಹೆಚ್ಚುಕಮ್ಮಿ ಕಾಲು ಭಾಗದಷ್ಟಿದೆ. ತೆಗುಸಿಗಾಲ್ಪ ಯೋಚಿಸುತ್ತದೆ, ಹ್ಯೂಸ್ಟನ್ ದುಡಿಯುತ್ತದೆ ಅಂತ ಗಾದೆ ತಿದ್ದಬಹುದು.

ಸಮೀಕ್ಷೆಯವರು ಬಾಗಿಲು ತಟ್ಟುತ್ತಾರೆ ಅಂದುಕೊಳ್ಳಿ. ಅಜ್ಜಿ ಬಾಗಿಲು ತೆಗೆಯುತ್ತಾಳೆ.

‘ಮನೆಯಲ್ಲಿ ಕೆಲಸ ಹುಡುಕುತ್ತಿರುವವರು ಯಾರಾದರೂ ಇದ್ದಾರಾ?’

‘ಇದ್ದರು. ನಾಲ್ಕು ಜನ.’

‘ಈಗ?’

‘ಈಗ ನಾನೊಬ್ಬಳೇ.’

‘ನಿಮಗೆ ಕೆಲಸ ಬೇಕಾ?’

‘ಈ ವಯಸ್ಸಿನಲ್ಲಾ? ಸುಮ್ನಿರಪ್ಪ.’

ಆತ ಸೊನ್ನೆ ಬರೆದುಕೊಂಡು ಪಕ್ಕದ ಮನೆಗೆ ಹೋಗುತ್ತಾನೆ. ಅಲ್ಲಿ ಬೀಗ.