ಎದೆನೋವಿನ ಅಡುಗೆಮನೆ

ಉದ್ದೀಪನ ಮದ್ದಿನ ವಿಷಯದಲ್ಲಿ ಈಜುಗಾರರಿಗೆ ಇರೋ ನಿಯಮ ಬಹಳ ಸರಳ. ನಿನ್ನ ಮೈಯೊಳಗೆ ಏನು ಸಿಕ್ಕರೂ ಅದಕ್ಕೆ ನೀನೇ ಹೊಣೆ. ಬೇಕಂತಲೇ ನುಂಗಿದೆಯೋ, ಗೊತ್ತಿಲ್ಲದೆ ಒಳಗೆ ಹೋಯಿತೋ ಅನ್ನೋದೆಲ್ಲ ಆಮೇಲಿನ ಮಾತು. ಆದರೆ ನಿಯಮ ಯಾರ ಮೇಲೆ ಬೀಳುತ್ತೆ ಅಂತ ನೋಡುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತೆ. ಬಾಯಿ ಬಿಟ್ಟವರು ಕೆಟ್ಟರು.

1972ರ ಮ್ಯೂನಿಕ್ ಒಲಿಂಪಿಕ್ಸ್ ನೋಡಿ. ಅಮೆರಿಕದ ರಿಕ್ ಡಿಮಾಂಟ್‌ಗೆ ಆಗ 16 ವರ್ಷ. 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಚಿನ್ನ ಗೆದ್ದ. ಆಮೇಲೆ ಪರೀಕ್ಷೆಯಲ್ಲಿ ಎಫೆಡ್ರಿನ್ ಅನ್ನೋ ನಿಷೇಧಿತ ಮದ್ದು ಸಿಕ್ಕಿತು. ಅದು ಅವನ ಆಸ್ತಮಾ ಔಷಧಿಯಲ್ಲಿದ್ದದ್ದು. ಹುಡುಗ ಏನೂ ಮುಚ್ಚಿಟ್ಟಿರಲಿಲ್ಲ, ಫಾರ್ಮ್‌ನಲ್ಲಿ ಬರೆದೇ ಕೊಟ್ಟಿದ್ದ. ಅದನ್ನು ಮೇಲಿನವರ ಗಮನಕ್ಕೆ ತರಬೇಕಾಗಿದ್ದದ್ದು ತಂಡದ ಡಾಕ್ಟರುಗಳು. ಅವರು ತರಲಿಲ್ಲ. ಡಾಕ್ಟರುಗಳ ಕೊರಳಲ್ಲಿ ಪದಕ ಇರಲಿಲ್ಲವಲ್ಲ, ಹಾಗಾಗಿ ಹುಡುಗನದ್ದನ್ನೇ ಕಿತ್ತುಕೊಂಡರು.

2018ರಲ್ಲಿ ಅಮೆರಿಕದ ಈಜುಗಾರ ರಯಾನ್ ಲಾಕ್ಟಿ ಡ್ರಿಪ್ ಹಾಕಿಸಿಕೊಂಡು, ಆ ಫೋಟೋವನ್ನು ತಾವೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಒಳಗೆ ಹೋಗಿದ್ದು ನಿಷೇಧಿತ ಮದ್ದಲ್ಲ. ಆದರೆ 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಜಾಸ್ತಿ ಡ್ರಿಪ್ ಹಾಕಿಸಿಕೊಳ್ಳೋ ಹಾಗಿಲ್ಲ. 14 ತಿಂಗಳು ಮನೆಗೆ. ಫೋಟೋ ಹಾಕದಿದ್ದರೆ? ಬಿಡಿ, ಆ ಪ್ರಶ್ನೆ ಕೇಳಬಾರದು.

ಈಗ ಆ ಪ್ರಸಿದ್ಧ ಅಡುಗೆಮನೆಗೆ ಬರೋಣ. 2021ರ ಜನವರಿ ಶುರುವಿನಲ್ಲಿ ಚೀನಾದ 23 ಅಗ್ರ ಈಜುಗಾರರ ಪರೀಕ್ಷೆಯಲ್ಲಿ ಟ್ರೈಮೆಟಾಜಿಡಿನ್ ಅನ್ನೋ ನಿಷೇಧಿತ ಮದ್ದು ಸಿಕ್ಕಿತು. ಇದು ಹೃದಯದ ತೊಂದರೆಯಿಂದ ಎದೆನೋವು ಬರೋರಿಗೆ ಕೊಡೋ ಮಾತ್ರೆ. ತನಿಖೆಯವರು ಅವರು ತಂಗಿದ್ದ ಹೋಟೆಲಿನ ಅಡುಗೆಮನೆ ಜಾಲಾಡಿದ್ದು ಎರಡು ತಿಂಗಳಿಗೂ ಜಾಸ್ತಿ ಕಳೆದ ಮೇಲೆ. ಅಷ್ಟು ದಿನ ಆದರೂ ಮದ್ದು ಅಲ್ಲೇ ಕಾದು ಕೂತಿತ್ತು. ಹೊಗೆ ಎಳೆಯೋ ಫ್ಯಾನಿನಲ್ಲಿ, ಮಸಾಲೆ ಡಬ್ಬಿಗಳಲ್ಲಿ, ಚರಂಡಿಯಲ್ಲಿ. ಫ್ಯಾನಿಗೆ ಎದೆನೋವು ಬಂದಿತ್ತೇನೋ ಪಾಪ, ವರ್ಷಗಟ್ಟಲೆ ಹೊಗೆ ಕುಡಿದಿರುತ್ತೆ. ಮಸಾಲೆ ಡಬ್ಬಿಗೂ ವಯಸ್ಸಾಗಿರಬಹುದು. ಚರಂಡಿಯ ಆರೋಗ್ಯ ಕೇಳೋದೇ ಬೇಡ.

ಮಾತ್ರೆ ಅಲ್ಲಿಗೆ ಯಾರಿಂದ ಬಂತು, ಯಾಕೆ ಬಂತು ಅನ್ನೋದಕ್ಕೆ ಮಾತ್ರ ಉತ್ತರ ಸಿಗಲಿಲ್ಲ. ಚೀನಾದ ಉದ್ದೀಪನ ಮದ್ದು ತಡೆ ಸಂಸ್ಥೆ ಯಾರದ್ದೂ ತಪ್ಪಿಲ್ಲ ಅಂದಿತು. ಅದನ್ನು ಸುಳ್ಳು ಅನ್ನೋಕೆ ನಮ್ಮ ಹತ್ತಿರ ಆಧಾರ ಇಲ್ಲ ಅಂತ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಸುಮ್ನಾಯಿತು. ತಾತ್ಕಾಲಿಕ ಅಮಾನತು ಕೂಡ ಇಲ್ಲ. ಅದೇ ವರ್ಷ ಟೋಕಿಯೊದಲ್ಲಿ ಈ 23 ಮಂದಿಯ ಪೈಕಿ ಕೆಲವರು 3 ಚಿನ್ನವೂ ಸೇರಿ 5 ಪದಕಗಳಲ್ಲಿ ಪಾಲು ಪಡೆದರು. ಪಕ್ಕದ ಲೇನಿನಲ್ಲಿ ಈಜಿದವರಿಗೆ ಈ ಅಡುಗೆಮನೆಯ ಕಥೆ ಗೊತ್ತಾಗಿದ್ದು 2024ರ ಏಪ್ರಿಲ್‌ನಲ್ಲಿ, ಅದೂ ಪತ್ರಕರ್ತರಿಂದ. ಆಮೇಲೆ ಒಬ್ಬ ಸ್ವಿಸ್ ವಕೀಲರು ಕಡತ ನೋಡಿ, ವಾಡಾ ಯಾರಿಗೂ ಪಕ್ಷಪಾತ ಮಾಡಿಲ್ಲ ಅಂತ ವರದಿ ಕೊಟ್ಟರು.

ಒಂದು ಮಾತು. ಊಟದ ಮೂಲಕ ಮದ್ದು ಸೇರೋದು ಸುಳ್ಳೇನಲ್ಲ. ಆ 23 ಮಂದಿಗೆ ನಿಜಕ್ಕೂ ಏನೂ ಗೊತ್ತಿಲ್ಲದೆ ಇರಬಹುದು. ನನ್ನ ಬೇಡಿಕೆ ಇಷ್ಟೇ, ಸಿಕ್ಕಿಬಿದ್ದ ಪ್ರತಿಯೊಬ್ಬರಿಗೂ ಇಂಥದ್ದೊಂದು ಅಡುಗೆಮನೆ ಮಂಜೂರು ಮಾಡಿ. ಡಿಮಾಂಟ್‌ಗೆ ಒಂದು ಫ್ಯಾನ್ ಸಿಕ್ಕಿದ್ದರೆ ಸಾಕಿತ್ತು.

ಬೆರಳು ತೋರಿಸಿದವರ ಪಾಡು ಇನ್ನೂ ಚೆನ್ನಾಗಿದೆ. 1976ರ ಮಾಂಟ್ರಿಯಲ್‌ನಲ್ಲಿ ಪೂರ್ವ ಜರ್ಮನಿಯ ಹೆಂಗಸರು 13ರಲ್ಲಿ 11 ಚಿನ್ನ ಬಾಚಿದರು. ಇವರ ದನಿ ಯಾಕೋ ಗಂಡಸರ ಥರ ಇದೆಯಲ್ಲ ಅಂತ ಅಮೆರಿಕದ ಶರ್ಲಿ ಬಬಾಶಾಫ್ ಅಂದಿದ್ದೇ ತಡ, ಸೋತು ಸಿಡುಕೋಳು ಅಂತ ಪತ್ರಿಕೆಗಳು ಅವರ ಮೇಲೇ ಬಿದ್ದವು. ಸರ್ಕಾರವೇ ಯೋಜನೆ ಹಾಕಿ ಹುಡುಗಿಯರಿಗೆ ಮಾತ್ರೆ ನುಂಗಿಸಿದ್ದು ಆಮೇಲೆ ಬಯಲಾಯಿತು. ಪದಕಗಳು ಮಾತ್ರ ಇದ್ದಲ್ಲೇ ಇವೆ.

2018ರಲ್ಲಿ ಚೀನಾದ ಈಜುಗಾರ ಸುನ್ ಯಾಂಗ್ ಮನೆ ಹತ್ತಿರ ರಕ್ತದ ಮಾದರಿಯ ಡಬ್ಬಿಗೆ ಸುತ್ತಿಗೆ ಏಟು ಬಿತ್ತು. ಮಾದರಿ ತಗೊಳ್ಳೋಕೆ ಬಂದ ಸಿಬ್ಬಂದಿಯ ಗುರುತಿನ ಪತ್ರ ಸರಿ ಇರಲಿಲ್ಲ ಅನ್ನೋದು ಸುನ್ ವಾದ. ಈಜಿನ ಅಂತಾರಾಷ್ಟ್ರೀಯ ಸಂಸ್ಥೆ ಫಿನಾದ ಸಮಿತಿ ಎಚ್ಚರಿಕೆ ಕೊಟ್ಟು ಬಿಟ್ಟಿತು. 2019ರಲ್ಲಿ ಗ್ವಾಂಗ್‌ಜುನಲ್ಲಿ ಆಸ್ಟ್ರೇಲಿಯಾದ ಈಜುಗಾರ ಮ್ಯಾಕ್ ಹಾರ್ಟನ್, ಈ ಸುನ್ ಜೊತೆ ನಾನು ಪದಕದ ಮೆಟ್ಟಿಲು ಹತ್ತಲ್ಲ ಅಂತ ಹಿಂದೆ ನಿಂತರು. ಅವರಿಗೂ ಫಿನಾ ಎಚ್ಚರಿಕೆ ಪತ್ರ ಕಳಿಸಿತು. ಮಾದರಿ ಒಡೆದರೂ ಎಚ್ಚರಿಕೆ, ಮೆಟ್ಟಿಲು ಹತ್ತದಿದ್ದರೂ ಎಚ್ಚರಿಕೆ. ಸಮಾನತೆ ಅಂದರೆ ಇದೇ ಅಲ್ವಾ? ಸುನ್‌ಗೆ ನಿಷೇಧ ಬಿದ್ದಿದ್ದು ಆಮೇಲೆ, ಬೇರೆ ನ್ಯಾಯಾಲಯದಲ್ಲಿ.

ಇಷ್ಟೆಲ್ಲ ನೋಡಿ ಬೇಸತ್ತವರೋ ಏನೋ, ಕೆಲವರು ಎನ್‌ಹ್ಯಾನ್ಸ್ಡ್ ಗೇಮ್ಸ್ ಅಂತ ಶುರು ಮಾಡಿದರು. ಮದ್ದು ತಗೊಳ್ಳಿ, ಬನ್ನಿ, ದುಡ್ಡು ಕೊಡ್ತೀವಿ. 2025ರಲ್ಲಿ ಗ್ರೀಸ್‌ನ ಕ್ರಿಸ್ಟಿಯಾನ್ ಗೊಲೊಮೀವ್ ಮದ್ದು ತಗೊಂಡು, ನಿಷೇಧಿತ ಈಜುಡುಗೆಯನ್ನೂ ತೊಟ್ಟು 50 ಮೀಟರ್ ಫ್ರೀಸ್ಟೈಲ್ ಅನ್ನು 20.89 ಸೆಕೆಂಡಿನಲ್ಲಿ ಮುಗಿಸಿದರು. 2009ರಲ್ಲಿ ಅಂಥದ್ದೇ ಉಡುಗೆಯಲ್ಲಿ ಬ್ರೆಜಿಲ್‌ನ ಸೀಸರ್ ಸಿಯೆಲೊ ಮಾಡಿದ, ಆಗಿನ್ನೂ ಉಳಿದಿದ್ದ ವಿಶ್ವದಾಖಲೆ 20.91. ಉಳಿದದ್ದು ಸೆಕೆಂಡಿನ ನೂರರಲ್ಲಿ ಎರಡು ಭಾಗ. ಅದಕ್ಕೆ 10 ಲಕ್ಷ ಡಾಲರ್!

ಈ ಸಲ ವರ್ಲ್ಡ್ ಅಕ್ವಾಟಿಕ್ಸ್, ಅಂದರೆ ಹೆಸರು ಬದಲಿಸಿಕೊಂಡ ಅದೇ ಫಿನಾ, ತಡ ಮಾಡಲಿಲ್ಲ. ಸುದ್ದಿ ಹೊರಬಿದ್ದ ಕೆಲವೇ ವಾರದಲ್ಲಿ ಹೊಸ ನಿಯಮ ಬಂತು. ಅಂಥ ಕೂಟದಲ್ಲಿ ಈಜಿದವರಿಗೆ ಮಾತ್ರವಲ್ಲ, ಬೆಂಬಲ ಕೊಟ್ಟವರಿಗೂ ಬಾಗಿಲು ಬಂದ್. ತನಿಖೆ ಬೇಕಾಗಲಿಲ್ಲ, ಅವರೇ ಒಪ್ಪಿಕೊಂಡಿದ್ದರಲ್ಲ.